ಪಿಕಪ್ ಟ್ರಕ್‌ಗಳಲ್ಲಿ ಬ್ರೇಕ್ ಪೆಡಲಿನ ಬಿಗಿತ

ಬ್ರೇಕ್ ಪೆಡಲಿನ ಬಿಗಿತ ಎಂದರೆ ಮೋಟಾರು ವಾಹನದ ಬ್ರೇಕ್ ಪೆಡಲನ್ನು ಒತ್ತಲು ವಾಡಿಕೆಗಿಂತ ಬಹಳ ಹೆಚ್ಚು ಬಲ ಬೇಕಾಗುವ, ಅಷ್ಟು ಬಲ ಹಾಕಿದರೂ ವಾಹನ ತಡವಾಗಿ ನಿಲ್ಲುವ ದೋಷ. ಇದು ಎಲ್ಲ ಬಗೆಯ ವಾಹನಗಳಲ್ಲಿಯೂ ಕಾಣಿಸಿಕೊಳ್ಳಬಹುದಾದರೂ, ತೂಕ ಹೊರುವ ಮತ್ತು ಹಿಂದೆ ಟ್ರೇಲರ್ ಎಳೆಯುವ ಪಿಕಪ್ ಟ್ರಕ್‌ಗಳಲ್ಲಿ ಇದರ ಅಪಾಯ ಹೆಚ್ಚು. ಬಹುತೇಕ ಸಂದರ್ಭಗಳಲ್ಲಿ ಈ ದೋಷದ ಮೂಲ ಚಕ್ರಗಳಲ್ಲಿರುವ ಬ್ರೇಕುಗಳಲ್ಲಿ ಇರುವುದಿಲ್ಲ. ಚಾಲಕನ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸಿಕೊಡುವ ಬೂಸ್ಟರ್ ಎಂಬ ಸಹಾಯಕ ಸಾಧನದಲ್ಲಿ, ಅಥವಾ ಆ ಸಾಧನಕ್ಕೆ ನಿರ್ವಾತವನ್ನು ಒದಗಿಸುವ ಕೊಳವೆ, ಕವಾಟ ಮತ್ತು ಪಂಪುಗಳಲ್ಲಿ ಇರುತ್ತದೆ. ಆದ್ದರಿಂದ ದುಬಾರಿಯಾದ ಬೂಸ್ಟರ್ ಬದಲಾಯಿಸುವ ಮೊದಲು ಕೆಲವು ಸರಳ ಪರೀಕ್ಷೆಗಳನ್ನು ಕ್ರಮವಾಗಿ ನಡೆಸಿ ದೋಷದ ಸ್ಥಾನವನ್ನು ಗುರುತಿಸುವುದು ಸರಿಯಾದ ವಿಧಾನವೆನಿಸಿದೆ.

## ಹಿನ್ನೆಲೆ

ದ್ರವದ ಒತ್ತಡದಿಂದ ನಾಲ್ಕೂ ಚಕ್ರಗಳಿಗೆ ಬ್ರೇಕ್ ಹಾಕುವ ವ್ಯವಸ್ಥೆಯು 1921ರ ಡ್ಯೂಸೆನ್‌ಬರ್ಗ್ ಮಾಡೆಲ್ ಎ ಕಾರಿನ ಮೂಲಕ ಬಳಕೆಗೆ ಬಂದಿತು. ವಾಹನಗಳ ತೂಕ ಮತ್ತು ವೇಗ ಹೆಚ್ಚಿದಂತೆ ಕಾಲಿನ ಬಲವೊಂದೇ ಸಾಲದಾಯಿತು. 1927ರಲ್ಲಿ ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ದೆವಾಂದ್ರ್ ಇಂಜಿನ್‌ನ ನಿರ್ವಾತವನ್ನು ಬಳಸಿಕೊಂಡು ಬ್ರೇಕಿಗೆ ಬಲ ತುಂಬುವ ಸಾಧನವನ್ನು ರೂಪಿಸಿದನು. ಜರ್ಮನಿಯ ಬಾಷ್ ಸಂಸ್ಥೆಯು ಇದನ್ನು ಬಾಷ್-ದೆವಾಂದ್ರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಆರಂಭದ ಪಿಕಪ್ ಟ್ರಕ್‌ಗಳಲ್ಲಿ ಡ್ರಮ್ ಬ್ರೇಕುಗಳಿದ್ದವು. ಡ್ರಮ್ಮಿನ ತಿರುಗುವಿಕೆಯೇ ಬ್ರೇಕ್ ಶೂವನ್ನು ಒಳಗಿನಿಂದ ಇನ್ನಷ್ಟು ಒತ್ತಿ ಹಿಡಿಯುವುದರಿಂದ ಅಂತಹ ಬ್ರೇಕುಗಳಿಗೆ ಬೇಕಾಗುವ ಕಾಲಿನ ಬಲ ಕಡಿಮೆ. ಡಿಸ್ಕ್ ಬ್ರೇಕಿಗೆ ಈ ಗುಣವಿಲ್ಲ. ಅದರಲ್ಲಿ ಪ್ಯಾಡನ್ನು ಒತ್ತುವ ಬಲವೆಲ್ಲವೂ ಹೊರಗಿನಿಂದಲೇ ಬರಬೇಕು. 1971ರಲ್ಲಿ ಷೆವರ್ಲೆ ಸಂಸ್ಥೆಯ ಸಿ/ಕೆ ಸರಣಿಯ ಹಗುರ ಟ್ರಕ್‌ಗಳ ಮುಂಭಾಗದ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳನ್ನು ಸಾಮಾನ್ಯ ಸಲಕರಣೆಯಾಗಿ ಅಳವಡಿಸಲಾಯಿತು. ಡಿಸ್ಕ್ ಬ್ರೇಕುಗಳು ವ್ಯಾಪಕವಾದಂತೆ ಬೂಸ್ಟರ್ ಒಂದು ಅನುಕೂಲವಾಗಿ ಉಳಿಯದೆ ಅನಿವಾರ್ಯ ಅಂಗವಾಯಿತು. ಬೂಸ್ಟರ್ ಕೆಟ್ಟಾಗ ಪೆಡಲು ಇಷ್ಟೊಂದು ಬಿಗಿಯಾಗುವುದಕ್ಕೆ ಈ ಅವಲಂಬನೆಯೇ ಕಾರಣ.

## ರಚನೆ ಮತ್ತು ಕಾರ್ಯವಿಧಾನ

### ನಿರ್ವಾತ ಬೂಸ್ಟರ್

ನಿರ್ವಾತ ಬೂಸ್ಟರ್ ಇಂಜಿನ್ ಕೋಣೆಯಲ್ಲಿ, ಚಾಲಕನ ಪೆಡಲಿನ ನೇರಕ್ಕೆ ಅಡ್ಡಗೋಡೆಗೆ ಬಿಗಿದಿರುವ ದುಂಡನೆಯ ಲೋಹದ ಡಬ್ಬಿ. ಅದರ ಮುಂದೆ ಬ್ರೇಕ್ ದ್ರವದ ಮಾಸ್ಟರ್ ಸಿಲಿಂಡರ್ ಇರುತ್ತದೆ. ಡಬ್ಬಿಯೊಳಗೆ ರಬ್ಬರಿನ ಡಯಾಫ್ರಾಮ್ ಒಂದು ಪರದೆಯಂತೆ ನಿಂತು ಒಳಭಾಗವನ್ನು ಎರಡು ಕೋಣೆಗಳಾಗಿ ವಿಭಜಿಸುತ್ತದೆ. ಪೆಡಲು ಒತ್ತದಿರುವಾಗ ಎರಡೂ ಕೋಣೆಗಳಲ್ಲಿ ನಿರ್ವಾತವಿರುತ್ತದೆ. ಪೆಡಲು ಒತ್ತಿದಾಗ ಒಳಗಿನ ಕವಾಟವು ಹಿಂದಿನ ಕೋಣೆಗೆ ಹೊರಗಿನ ಗಾಳಿಯನ್ನು ಬಿಡುತ್ತದೆ. ಮುಂದಿನ ಕೋಣೆಯಲ್ಲಿ ನಿರ್ವಾತ, ಹಿಂದಿನ ಕೋಣೆಯಲ್ಲಿ ವಾತಾವರಣದ ಒತ್ತಡ ಎಂಬ ಈ ವ್ಯತ್ಯಾಸವೇ ಡಯಾಫ್ರಾಮನ್ನು ಮುಂದಕ್ಕೆ ತಳ್ಳಿ, ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ ಬಲ ಹಾಕುತ್ತದೆ. ಕಾಲು ತೆಗೆದಾಗ ಗಾಳಿಯ ದಾರಿ ಮುಚ್ಚಿ ಎರಡೂ ಕೋಣೆಗಳು ಮತ್ತೆ ಒಂದಾಗುತ್ತವೆ.

ಈ ಸಹಾಯದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 25 ಸೆಂಟಿಮೀಟರ್ ವ್ಯಾಸದ ಡಯಾಫ್ರಾಮಿನ ವಿಸ್ತೀರ್ಣ ಸುಮಾರು 490 ಚದರ ಸೆಂಟಿಮೀಟರ್. ಎರಡು ಕೋಣೆಗಳ ನಡುವಿನ ಒತ್ತಡದ ವ್ಯತ್ಯಾಸ 65 ಕಿಲೋಪ್ಯಾಸ್ಕಲ್ ಇದ್ದರೆ ಅದರಿಂದ ಒದಗುವ ಬಲ ಸುಮಾರು 3,200 ನ್ಯೂಟನ್. ಚಾಲಕನು ಪೆಡಲಿನ ಮೇಲೆ 200 ನ್ಯೂಟನ್ ಬಲ ಹಾಕಿದರೆ, ಸನ್ನೆಯಂತೆ ಕೆಲಸ ಮಾಡುವ ಪೆಡಲಿನಿಂದ ಅದು ನಾಲ್ಕು ಪಟ್ಟಾಗಿ 800 ನ್ಯೂಟನ್ ಆಗುತ್ತದೆ. ಎರಡೂ ಸೇರಿ 4,000 ನ್ಯೂಟನ್. ಬೂಸ್ಟರ್ ಸಂಪೂರ್ಣವಾಗಿ ಕೆಟ್ಟರೆ ಇಷ್ಟೇ ಬಲವನ್ನು ಪಡೆಯಲು ಪೆಡಲಿನ ಮೇಲೆ 1,000 ನ್ಯೂಟನ್, ಅಂದರೆ ಸುಮಾರು 100 ಕಿಲೋಗ್ರಾಂ ತೂಕದಷ್ಟು ಬಲ ಹಾಕಬೇಕಾಗುತ್ತದೆ.

### ನಿರ್ವಾತದ ಮೂಲ

ಪೆಟ್ರೋಲ್ ಇಂಜಿನ್‌ನಲ್ಲಿ ಥ್ರಾಟಲ್ ಮುಚ್ಚಿರುವಾಗ ಒಳಸೇವನೆಯ ಮ್ಯಾನಿಫೋಲ್ಡಿನಲ್ಲಿ ತಾನಾಗಿಯೇ ನಿರ್ವಾತ ಉಂಟಾಗುತ್ತದೆ. ಬೂಸ್ಟರಿಗೆ ಒಂದು ಕೊಳವೆ ಜೋಡಿಸಿದರೆ ಸಾಕು. ಡೀಸೆಲ್ ಇಂಜಿನ್‌ನಲ್ಲಿ ಗಾಳಿಯ ಹರಿವನ್ನು ಆ ರೀತಿ ತಡೆಯುವ ವ್ಯವಸ್ಥೆ ಇಲ್ಲದ ಕಾರಣ ಪ್ರತ್ಯೇಕ ನಿರ್ವಾತ ಪಂಪು ಅಗತ್ಯ. ಟರ್ಬೊ ಅಳವಡಿಸಿದ ಮತ್ತು ಸಿಲಿಂಡರಿಗೆ ನೇರವಾಗಿ ಇಂಧನ ಸಿಂಪಡಿಸುವ ಅನೇಕ ಪೆಟ್ರೋಲ್ ಇಂಜಿನ್‌ಗಳಲ್ಲಿಯೂ ಇಂತಹ ಪಂಪು ಇರುತ್ತದೆ. ಭಾರತದ ಹಲವು ಡೀಸೆಲ್ ವಾಹನಗಳಲ್ಲಿ ಈ ಪಂಪನ್ನು ಆಲ್ಟರ್ನೇಟರಿನ ಹಿಂಭಾಗಕ್ಕೆ ಜೋಡಿಸಿರುತ್ತಾರೆ. ಒಂದೇ ಬೆಲ್ಟ್ ಎರಡನ್ನೂ ತಿರುಗಿಸುತ್ತದೆ. ಅಂತಹ ವಾಹನದಲ್ಲಿ ಬೆಲ್ಟ್ ತುಂಡಾದರೆ ಬ್ಯಾಟರಿಯ ಎಚ್ಚರಿಕೆ ದೀಪ ಹೊತ್ತಿಕೊಳ್ಳುವುದರ ಜೊತೆಗೆ ಬ್ರೇಕಿನ ಸಹಾಯವೂ ನಿಲ್ಲುತ್ತದೆ. ಹೀಗಾಗಿ ಬ್ಯಾಟರಿ ದೀಪವನ್ನು ಕೇವಲ ವಿದ್ಯುತ್ತಿನ ತೊಂದರೆಯೆಂದು ಭಾವಿಸಿ ಪ್ರಯಾಣ ಮುಂದುವರಿಸುವುದು ಅಪಾಯಕಾರಿ.

ಕೊಳವೆಯು ಬೂಸ್ಟರಿಗೆ ಸೇರುವಲ್ಲಿ ಏಕಮುಖ ಕವಾಟವೊಂದಿರುತ್ತದೆ. ಇದು ಬೂಸ್ಟರಿನಿಂದ ಇಂಜಿನ್ ಕಡೆಗೆ ಮಾತ್ರ ಗಾಳಿಯನ್ನು ಬಿಡುತ್ತದೆ. ಇಂಜಿನ್ ನಿಂತುಹೋದರೂ ಎರಡು ಮೂರು ಬಾರಿ ಬ್ರೇಕ್ ಹಾಕಲು ಸಾಲುವಷ್ಟು ನಿರ್ವಾತವು ಡಬ್ಬಿಯೊಳಗೆ ಉಳಿಯುವುದು ಈ ಕವಾಟದಿಂದಲೇ.

ವಾತಾವರಣದ ಒತ್ತಡವು ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್ ಇದ್ದರೆ 3,000 ಮೀಟರ್ ಎತ್ತರದಲ್ಲಿ ಸುಮಾರು 70 ಕಿಲೋಪ್ಯಾಸ್ಕಲ್‌ಗೆ ಇಳಿಯುತ್ತದೆ. ಡಯಾಫ್ರಾಮನ್ನು ತಳ್ಳುವುದು ಈ ಒತ್ತಡವೇ ಆದ್ದರಿಂದ, ಎತ್ತರದ ಪರ್ವತ ಪ್ರದೇಶಗಳಲ್ಲಿ ಯಾವ ದೋಷವೂ ಇಲ್ಲದ ವಾಹನದ ಪೆಡಲು ಸಹ ಸ್ವಲ್ಪ ಬಿಗಿಯೆನಿಸಬಹುದು.

### ದ್ರವಚಾಲಿತ ಬೂಸ್ಟರ್

ಹೆಚ್ಚು ಭಾರ ಎಳೆಯುವ ಅನೇಕ ಅಮೆರಿಕನ್ ಪಿಕಪ್‌ಗಳಲ್ಲಿ ನಿರ್ವಾತದ ಬದಲಿಗೆ ಪವರ್ ಸ್ಟೀರಿಂಗ್ ಪಂಪಿನ ದ್ರವದ ಒತ್ತಡವನ್ನು ಬಳಸುವ ಹೈಡ್ರೋಬೂಸ್ಟ್ ಎಂಬ ವ್ಯವಸ್ಥೆ ಇದೆ. ಇದರ ಗಾತ್ರ ಚಿಕ್ಕದು, ಬಲ ಹೆಚ್ಚು. ಇಂಜಿನ್ ನಿಂತಾಗ ಬಳಕೆಗೆ ಬರುವಂತೆ ಅಕ್ಯುಮುಲೇಟರ್ ಎಂಬ ಪುಟ್ಟ ಪಾತ್ರೆಯಲ್ಲಿ ಒತ್ತಡವನ್ನು ಸಂಗ್ರಹಿಸಿಡಲಾಗುತ್ತದೆ. ಇತ್ತೀಚಿನ ಕೆಲವು ಮಾದರಿಗಳಲ್ಲಿ ವಿದ್ಯುತ್ ಮೋಟರಿನಿಂದ ನಡೆಯುವ ಬೂಸ್ಟರುಗಳೂ ಬಂದಿವೆ. ಅವುಗಳ ದೋಷಗಳನ್ನು ಕಂಪ್ಯೂಟರ್ ಸ್ಕ್ಯಾನರಿನ ನೆರವಿನಿಂದ ಮಾತ್ರ ಸರಿಯಾಗಿ ಗುರುತಿಸಬಹುದು.

## ಲಕ್ಷಣಗಳು

ಪೆಡಲಿನ ದೋಷಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಒತ್ತಿದಾಗ ಸ್ಪಂಜಿನಂತೆ ಮೆತ್ತಗಾದರೆ ದ್ರವದೊಳಗೆ ಗಾಳಿ ಸೇರಿದೆ ಎಂದರ್ಥ. ಒತ್ತಿ ಹಿಡಿದಾಗ ನಿಧಾನವಾಗಿ ನೆಲದವರೆಗೆ ಇಳಿದರೆ ದ್ರವ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲು ಸವೆದಿದೆ. ಮೇಲ್ಭಾಗದಲ್ಲಿಯೇ ಗೋಡೆಯಂತೆ ಗಟ್ಟಿಯಾಗಿ ನಿಂತರೆ ಅದು ಬಿಗಿತ. ಮೊದಲ ಎರಡರಲ್ಲಿ ದ್ರವದ ವ್ಯವಸ್ಥೆಯೇ ಸೋತಿರುತ್ತದೆ. ಬಿಗಿತದಲ್ಲಿ ಸಾಮಾನ್ಯವಾಗಿ ಅದು ಸುಸ್ಥಿತಿಯಲ್ಲಿದ್ದು, ಅದಕ್ಕೆ ತಲುಪಬೇಕಾದ ಬಲ ಮಾತ್ರ ಕಡಿಮೆಯಾಗಿರುತ್ತದೆ.

ಬಿಗಿತದೊಂದಿಗೆ ಕಾಣಿಸಿಕೊಳ್ಳುವ ಇತರ ಲಕ್ಷಣಗಳು ದೋಷದ ಸ್ಥಾನವನ್ನು ಸೂಚಿಸುತ್ತವೆ:

- ಪೆಡಲು ಒತ್ತಿದಾಗ ಡ್ಯಾಶ್‌ಬೋರ್ಡಿನ ಕೆಳಗೆ ನಿರಂತರವಾಗಿ ಬುಸುಗುಟ್ಟುವ ಸದ್ದು: ಡಯಾಫ್ರಾಮ್ ಹರಿದಿರುವುದು ಅಥವಾ ಒಳಕವಾಟದ ಸೋರಿಕೆ.
- ಪೆಡಲು ಒತ್ತಿದೊಡನೆ ಇಂಜಿನ್‌ನ ಓಟ ಏರುಪೇರಾಗುವುದು: ಬೂಸ್ಟರಿನ ಮೂಲಕ ಮ್ಯಾನಿಫೋಲ್ಡಿಗೆ ಗಾಳಿ ನುಗ್ಗುತ್ತಿರುವುದು.
- ಮೊದಲ ಬಾರಿ ಸರಿಯಾಗಿದ್ದು, ಒಂದರ ಹಿಂದೊಂದು ಒತ್ತಿದಾಗ ಬಿಗಿಯಾಗುವುದು: ಕೊಳವೆ ಕಟ್ಟಿಕೊಂಡಿರುವುದು, ಒಳಗೆ ಕುಸಿದಿರುವುದು ಅಥವಾ ಪಂಪು ದುರ್ಬಲವಾಗಿರುವುದು.
- ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮೊದಲ ಒತ್ತಿಗೇ ಪೆಡಲು ಬಿಗಿಯಾಗಿರುವುದು: ಏಕಮುಖ ಕವಾಟ ಅಥವಾ ಡಬ್ಬಿಯ ಸೋರಿಕೆ.
- ಸ್ಟೀರಿಂಗ್ ಕೂಡ ಭಾರವಾಗುವುದು: ಹೈಡ್ರೋಬೂಸ್ಟ್ ಇರುವ ವಾಹನದಲ್ಲಿ ಸ್ಟೀರಿಂಗ್ ಪಂಪು, ಬೆಲ್ಟ್ ಅಥವಾ ದ್ರವದ ಕೊರತೆ.
- ವಾಹನ ಒಂದು ಪಕ್ಕಕ್ಕೆ ಎಳೆಯುವುದು, ಒಂದು ಚಕ್ರ ವಿಪರೀತ ಬಿಸಿಯಾಗುವುದು: ಕ್ಯಾಲಿಪರ್ ಅಂಟಿಕೊಂಡಿರುವುದು ಅಥವಾ ಬ್ರೇಕ್ ಹೋಸ್ ಒಳಗೆ ಮುಚ್ಚಿಕೊಂಡಿರುವುದು.

ಇಂಜಿನ್ ನಿಂತಿರುವಾಗ ಪೆಡಲನ್ನು ಹಲವು ಬಾರಿ ಒತ್ತಿದರೆ ಅದು ಬಿಗಿಯಾಗುವುದು ಸಹಜ. ಸಂಗ್ರಹದಲ್ಲಿದ್ದ ನಿರ್ವಾತ ಮುಗಿದಿರುವುದರ ಸೂಚನೆಯಷ್ಟೇ ಅದು. ಅದನ್ನು ದೋಷವೆಂದು ತಿಳಿಯಬಾರದು.

## ಕಾರಣಗಳು

### ಸಹಾಯ ವ್ಯವಸ್ಥೆಯ ದೋಷಗಳು

ಇಂಜಿನ್‌ನ ಶಾಖ ಮತ್ತು ಎಣ್ಣೆಯ ಆವಿಯಿಂದ ನಿರ್ವಾತದ ಕೊಳವೆಯು ವರ್ಷಗಳು ಕಳೆದಂತೆ ಬಿರುಕು ಬಿಡುತ್ತದೆ ಅಥವಾ ಮೆತ್ತಗಾಗಿ ಒಳಕ್ಕೆ ಕುಸಿಯುತ್ತದೆ. ಏಕಮುಖ ಕವಾಟವು ಕೊಳೆ ತುಂಬಿ ತೆರೆದ ಸ್ಥಿತಿಯಲ್ಲಿ ಅಥವಾ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳಬಹುದು. ಕವಾಟ ಕೂರುವ ರಬ್ಬರ್ ಉಂಗುರ ಒಣಗಿ ಗಾಳಿ ಸೋರಬಹುದು. ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲಿನಿಂದ ಸೋರಿದ ಬ್ರೇಕ್ ದ್ರವವು ಬೂಸ್ಟರಿನೊಳಗೆ ಸೇರಿ ಡಯಾಫ್ರಾಮನ್ನು ಹಾಳುಮಾಡುವುದುಂಟು. ಇಂತಹ ಸೋರಿಕೆ ಹೊರಗೆ ಕಾಣುವುದಿಲ್ಲ; ದ್ರವದ ಮಟ್ಟ ಇಳಿಯುತ್ತಿದ್ದು, ಎಲ್ಲಿಯೂ ಹನಿ ಕಾಣದಿದ್ದರೆ ಇದನ್ನು ಶಂಕಿಸಬೇಕು.

ನಿರ್ವಾತ ಪಂಪಿನೊಳಗಿನ ಅಲಗುಗಳು ಸವೆಯುವುದು, ಪಂಪಿಗೆ ಇಂಜಿನ್ ಆಯಿಲ್ ಸರಿಯಾಗಿ ತಲುಪದಿರುವುದು ಡೀಸೆಲ್ ಪಿಕಪ್‌ಗಳ ಸಾಮಾನ್ಯ ದೋಷಗಳು. ಪೆಟ್ರೋಲ್ ಇಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನ ಸೋರಿಕೆ, ಕವಾಟಗಳ ಕಾಲನಿಯಂತ್ರಣದ ವ್ಯತ್ಯಾಸ, ಹೊಗೆ ಹೊರಹೋಗುವ ಮಾರ್ಗದ ಅಡಚಣೆ ಇವುಗಳಿಂದ ನಿರ್ವಾತ ಕುಗ್ಗುತ್ತದೆ. ಹಳೆಯ ಪಿಕಪ್‌ಗಳಿಗೆ ಹೆಚ್ಚಿನ ಶಕ್ತಿಗಾಗಿ ಬೇರೆ ಕ್ಯಾಮ್‌ಶಾಫ್ಟ್ ಹಾಕಿಸಿದಾಗಲೂ ನಿಧಾನಗತಿಯಲ್ಲಿ ನಿರ್ವಾತ ಇಳಿದು ಪೆಡಲು ಬಿಗಿಯಾಗುತ್ತದೆ. ಇಲ್ಲಿ ಬೂಸ್ಟರಿನಲ್ಲಿ ಯಾವ ದೋಷವೂ ಇರುವುದಿಲ್ಲ.

### ಇತರ ದೋಷಗಳು

ಪೆಡಲಿನ ತಿರುಗುಕೀಲು ತುಕ್ಕು ಹಿಡಿಯುವುದು, ಕ್ಯಾಲಿಪರಿನ ಪಿಸ್ಟನ್ ಅಥವಾ ಜಾರುಪಿನ್ನುಗಳು ಸಿಕ್ಕಿಕೊಳ್ಳುವುದು, ರಬ್ಬರ್ ಹೋಸಿನ ಒಳಪದರ ಕಿತ್ತುಬಂದು ದಾರಿ ಮುಚ್ಚುವುದು ಇವು ಯಾಂತ್ರಿಕ ಕಾರಣಗಳು. ಅತಿಯಾಗಿ ಬಿಸಿಯಾಗಿ ಗಾಜಿನಂತೆ ನುಣುಪಾದ ಬ್ರೇಕ್ ಪ್ಯಾಡುಗಳಿಂದಲೂ, ವಾಹನಕ್ಕೆ ಹೊಂದದ ಗಡುಸು ಪ್ಯಾಡುಗಳಿಂದಲೂ ಘರ್ಷಣೆ ಕುಗ್ಗಿ, ಎಷ್ಟು ಒತ್ತಿದರೂ ಸಾಲದೆನಿಸುತ್ತದೆ. ಬ್ರೇಕ್ ದ್ರವದ ಪಾತ್ರೆಗೆ ಇಂಜಿನ್ ಆಯಿಲ್ ಅಥವಾ ಸ್ಟೀರಿಂಗ್ ದ್ರವ ತಪ್ಪಿ ಸೇರಿದರೆ ರಬ್ಬರ್ ಸೀಲುಗಳು ಊದಿಕೊಂಡು ದ್ರವ ಹಿಂದಿರುಗುವ ರಂಧ್ರಗಳು ಮುಚ್ಚುತ್ತವೆ. ಆಗ ಪೆಡಲು ಬಿಗಿಯಾಗುವುದಲ್ಲದೆ ಬ್ರೇಕುಗಳು ಬಿಡದೆ ಹಿಡಿದುಕೊಳ್ಳುತ್ತವೆ.

## ಪತ್ತೆಹಚ್ಚುವ ಕ್ರಮ

ಪರೀಕ್ಷೆಗಳನ್ನು ಸಮತಟ್ಟಾದ ನೆಲದಲ್ಲಿ, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಪಾರ್ಕಿಂಗ್ ಬ್ರೇಕ್ ಹಾಕಿ, ಗೇರನ್ನು ನ್ಯೂಟ್ರಲ್ ಅಥವಾ ಪಾರ್ಕ್ ಸ್ಥಾನದಲ್ಲಿರಿಸಿ ನಡೆಸಬೇಕು. ಮೊದಲ ಮೂರು ಪರೀಕ್ಷೆಗಳಿಗೆ ಯಾವ ಉಪಕರಣವೂ ಬೇಕಿಲ್ಲ.

1. ಸಹಾಯದ ಪರೀಕ್ಷೆ. ಇಂಜಿನ್ ನಿಲ್ಲಿಸಿ, ಪೆಡಲು ಗಟ್ಟಿಯಾಗುವವರೆಗೆ ನಾಲ್ಕೈದು ಬಾರಿ ಒತ್ತಬೇಕು. ನಂತರ ಪೆಡಲನ್ನು ಹದವಾಗಿ ಒತ್ತಿ ಹಿಡಿದುಕೊಂಡೇ ಇಂಜಿನ್ ಚಾಲೂ ಮಾಡಬೇಕು. ಪೆಡಲು ಕಾಲಿನ ಕೆಳಗೆ ಸ್ವಲ್ಪ ಇಳಿದರೆ ನಿರ್ವಾತ ತಲುಪುತ್ತಿದೆ, ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ನಿರ್ವಾತ ಬರುತ್ತಿಲ್ಲ ಅಥವಾ ಬೂಸ್ಟರ್ ಕೆಟ್ಟಿದೆ. ಹೈಡ್ರೋಬೂಸ್ಟ್ ವಾಹನದಲ್ಲಿ ಪೆಡಲು ಮೊದಲು ಇಳಿದು, ಅನಂತರ ಕಾಲನ್ನು ತುಸು ಮೇಲಕ್ಕೆ ತಳ್ಳುತ್ತದೆ.

2. ಸಂಗ್ರಹದ ಪರೀಕ್ಷೆ. ಇಂಜಿನನ್ನು ಒಂದೆರಡು ನಿಮಿಷ ನಡೆಸಿ ನಿಲ್ಲಿಸಬೇಕು. ಪೆಡಲು ಮುಟ್ಟದೆ ಕೆಲವು ನಿಮಿಷ ಕಾದು ಒತ್ತಿ ನೋಡಬೇಕು. ಮೊದಲ ಎರಡು ಮೂರು ಬಾರಿ ಮೆತ್ತಗಿದ್ದು ಕ್ರಮೇಣ ಬಿಗಿಯಾದರೆ ಸರಿ. ಮೊದಲ ಒತ್ತಿಗೇ ಬಿಗಿಯಾಗಿದ್ದರೆ ಏಕಮುಖ ಕವಾಟ, ಅದರ ರಬ್ಬರ್ ಉಂಗುರ ಅಥವಾ ಬೂಸ್ಟರ್ ಸೋರುತ್ತಿದೆ.

3. ಹಿಡಿತದ ಪರೀಕ್ಷೆ. ಇಂಜಿನ್ ನಡೆಯುತ್ತಿರುವಾಗ ಪೆಡಲನ್ನು ಒತ್ತಿ ಹಿಡಿದು ಇಂಜಿನ್ ನಿಲ್ಲಿಸಬೇಕು. ಸುಮಾರು 30 ಸೆಕೆಂಡುಗಳವರೆಗೆ ಪೆಡಲಿನ ಎತ್ತರ ಬದಲಾಗಬಾರದು. ಪೆಡಲು ಮೇಲಕ್ಕೆ ಬಂದರೆ ಬೂಸ್ಟರಿನೊಳಗೆ ಸೋರಿಕೆಯಿದೆ. ಕೆಳಕ್ಕೆ ಇಳಿದರೆ ತೊಂದರೆ ದ್ರವದ ವ್ಯವಸ್ಥೆಯಲ್ಲಿದೆ.

4. ಕಣ್ಣು ಮತ್ತು ಕಿವಿಯ ಪರೀಕ್ಷೆ. ನಿರ್ವಾತದ ಕೊಳವೆಯನ್ನು ಉದ್ದಕ್ಕೂ ಬಾಗಿಸಿ, ಹಿಚುಕಿ ನೋಡಿದರೆ ಬಿರುಕುಗಳು ತೆರೆದುಕೊಳ್ಳುತ್ತವೆ. ಇಂಜಿನ್ ನಿಲ್ಲಿಸಿದ ಮೇಲೆ ಏಕಮುಖ ಕವಾಟವನ್ನು ಬೂಸ್ಟರಿನಿಂದ ಎಳೆದಾಗ ಗಾಳಿ ಒಳನುಗ್ಗುವ ಸದ್ದು ಕೇಳಿಸಬೇಕು. ಕೇಳಿಸದಿದ್ದರೆ ಡಬ್ಬಿಯಲ್ಲಿ ನಿರ್ವಾತ ಉಳಿದಿರಲಿಲ್ಲ. ಕವಾಟವನ್ನು ಬಿಚ್ಚಿ ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹಾಯಬೇಕು, ಇಂಜಿನ್ ಕಡೆಯಿಂದ ಊದಿದರೆ ಹಾಯಬಾರದು.

5. ಮಾಪಕದ ಪರೀಕ್ಷೆ. ಕೊಳವೆಯು ಬೂಸ್ಟರಿಗೆ ಸೇರುವ ತುದಿಯಲ್ಲಿ ನಿರ್ವಾತ ಮಾಪಕ ಜೋಡಿಸಬೇಕು. ಸುಸ್ಥಿತಿಯ ಪೆಟ್ರೋಲ್ ಇಂಜಿನ್ ನಿಧಾನಗತಿಯಲ್ಲಿ, ಸಮುದ್ರಮಟ್ಟದ ಸಮೀಪದಲ್ಲಿ, 430ರಿಂದ 530 ಮಿಲಿಮೀಟರ್ ಪಾದರಸದಷ್ಟು, ಅಂದರೆ 57ರಿಂದ 71 ಕಿಲೋಪ್ಯಾಸ್ಕಲ್ ನಿರ್ವಾತ ನೀಡುತ್ತದೆ. ಡೀಸೆಲ್ ವಾಹನದ ಪಂಪು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ನೀಡುತ್ತದೆ. ಇಂಜಿನ್ ಅಥವಾ ಪಂಪಿನ ಬಳಿ ಅಂಕಿ ಸರಿಯಾಗಿದ್ದು ಬೂಸ್ಟರಿನ ಬಳಿ ಕಡಿಮೆಯಿದ್ದರೆ ದೋಷ ಕೊಳವೆಯಲ್ಲಿದೆ. ಎರಡೂ ಕಡೆ ಕಡಿಮೆಯಿದ್ದರೆ ಇಂಜಿನ್ ಅಥವಾ ಪಂಪು ಕಾರಣ. ಎರಡೂ ಕಡೆ ಸರಿಯಿದ್ದು ಪೆಡಲು ಬಿಗಿಯಾಗಿದ್ದರೆ ಮಾತ್ರ ಬೂಸ್ಟರನ್ನು ದೂಷಿಸಬಹುದು.

6. ಚಕ್ರಗಳ ಪರೀಕ್ಷೆ. ಸಹಾಯ ವ್ಯವಸ್ಥೆ ಸರಿಯಾಗಿದೆಯೆಂದು ಖಚಿತವಾದ ಮೇಲೆ ಪ್ಯಾಡು, ಕ್ಯಾಲಿಪರ್ ಮತ್ತು ಹೋಸುಗಳನ್ನು ನೋಡಬೇಕು. ಬಿಡದೆ ಹಿಡಿದುಕೊಂಡ ಚಕ್ರದ ಬ್ಲೀಡರ್ ತಿರುಪನ್ನು ಸಡಿಲಿಸಿದಾಗ ದ್ರವ ಚಿಮ್ಮಿ ಚಕ್ರ ಸಡಿಲವಾದರೆ ಹೋಸ್ ಅಥವಾ ಅದಕ್ಕಿಂತ ಮೇಲಿನ ಭಾಗದಲ್ಲಿ ತಡೆಯಿದೆ. ಆಗಲೂ ಸಡಿಲವಾಗದಿದ್ದರೆ ಕ್ಯಾಲಿಪರೇ ಸಿಕ್ಕಿಕೊಂಡಿದೆ.

## ದುರಸ್ತಿ

ಕೊಳವೆ ಮತ್ತು ಕವಾಟಗಳ ದುರಸ್ತಿ ಸುಲಭ ಮತ್ತು ಅಗ್ಗ. ಹೊಸ ಕೊಳವೆಯು ನಿರ್ವಾತಕ್ಕೆಂದೇ ತಯಾರಾದ, ಒಳಗೆ ಬಲವರ್ಧಕ ಪದರವಿರುವ ಕೊಳವೆಯಾಗಿರಬೇಕು. ಇಂಧನದ ಅಥವಾ ನೀರಿನ ಸಾಧಾರಣ ಕೊಳವೆ ಒಳಗಿನ ನಿರ್ವಾತಕ್ಕೆ ಕುಸಿದು, ಅದೇ ದೋಷವನ್ನು ಮರಳಿ ತರುತ್ತದೆ. ಕವಾಟ ಬದಲಾಯಿಸುವಾಗ ಅದರ ರಬ್ಬರ್ ಉಂಗುರವನ್ನೂ ಬದಲಾಯಿಸುವುದು ಒಳ್ಳೆಯದು. ಕವಾಟವನ್ನು ಹಿಮ್ಮುಖವಾಗಿ ಜೋಡಿಸಿದರೆ ಸಹಾಯ ಸಂಪೂರ್ಣವಾಗಿ ನಿಲ್ಲುತ್ತದೆ.

ಬೂಸ್ಟರ್ ಬದಲಾಯಿಸುವಾಗ ಹಲವು ವಾಹನಗಳಲ್ಲಿ ಮಾಸ್ಟರ್ ಸಿಲಿಂಡರನ್ನು ಅದರ ಲೋಹದ ಕೊಳವೆಗಳ ಸಮೇತ, ಅವು ಬಾಗದಂತೆ, ಮುಂದಕ್ಕೆ ಸರಿಸಿದರೆ ಸಾಕಾಗುತ್ತದೆ. ಅನಂತರ ಡ್ಯಾಶ್‌ಬೋರ್ಡಿನ ಕೆಳಗೆ ಪೆಡಲಿನ ಪಿನ್ನು ಮತ್ತು ಬೂಸ್ಟರಿನ ನಟ್ಟುಗಳನ್ನು ಬಿಚ್ಚಲಾಗುತ್ತದೆ. ಹೊಸ ಬೂಸ್ಟರಿನ ಮುಂದಿನ ತಳ್ಳುಕಡ್ಡಿಯ ಉದ್ದವನ್ನು ತಯಾರಕರ ಅಳತೆಯಂತೆ ಹೊಂದಿಸಬೇಕು. ಅದು ಹೆಚ್ಚು ಉದ್ದವಾದರೆ ಬ್ರೇಕುಗಳು ಸದಾ ಸ್ವಲ್ಪ ಹಿಡಿದುಕೊಂಡೇ ಇದ್ದು ಬಿಸಿಯಾಗುತ್ತವೆ. ಕಡಿಮೆಯಾದರೆ ಪೆಡಲು ಅನಗತ್ಯವಾಗಿ ಕೆಳಗಿಳಿಯುತ್ತದೆ. ದ್ರವದ ಕೊಳವೆಗಳನ್ನು ಬಿಚ್ಚಿದ್ದರೆ ಗಾಳಿ ಹೊರಹಾಕುವ ಕೆಲಸವನ್ನು ಪೂರ್ಣವಾಗಿ ಮಾಡಬೇಕು. ಹಳೆಯ ಬೂಸ್ಟರಿನಲ್ಲಿ ಬ್ರೇಕ್ ದ್ರವ ಕಂಡುಬಂದರೆ ಮಾಸ್ಟರ್ ಸಿಲಿಂಡರನ್ನೂ ಬದಲಾಯಿಸಬೇಕು. ಇಲ್ಲದಿದ್ದರೆ ಹೊಸ ಡಯಾಫ್ರಾಮೂ ಅದೇ ರೀತಿ ಹಾಳಾಗುತ್ತದೆ.

ಹೈಡ್ರೋಬೂಸ್ಟ್ ವ್ಯವಸ್ಥೆಯ ಅಕ್ಯುಮುಲೇಟರಿನಲ್ಲಿ ಇಂಜಿನ್ ನಿಂತ ಮೇಲೂ ಅಧಿಕ ಒತ್ತಡ ಉಳಿದಿರುತ್ತದೆ. ಯಾವುದೇ ಕೊಳವೆ ಬಿಚ್ಚುವ ಮೊದಲು ಪೆಡಲನ್ನು ಅನೇಕ ಬಾರಿ ಒತ್ತಿ ಈ ಒತ್ತಡವನ್ನು ಇಳಿಸಬೇಕು. ಆಮೇಲೂ ಅಕ್ಯುಮುಲೇಟರನ್ನು ಬಿಚ್ಚಿ ತೆರೆಯಬಾರದು. ಬ್ರೇಕ್ ದ್ರವ ಮತ್ತು ಸ್ಟೀರಿಂಗ್ ದ್ರವಗಳು ಒಂದಕ್ಕೊಂದು ಬೆರೆಯದಂತೆ ನೋಡಿಕೊಳ್ಳಬೇಕು. ಬೆರೆತಿದ್ದರೆ ಬ್ರೇಕ್ ವ್ಯವಸ್ಥೆಯನ್ನು ತೊಳೆದು, ರಬ್ಬರಿರುವ ಭಾಗಗಳನ್ನೆಲ್ಲ ಬದಲಾಯಿಸಬೇಕಾಗುತ್ತದೆ.

ದುರಸ್ತಿಯ ನಂತರ ಮೊದಲ ಮೂರು ಪರೀಕ್ಷೆಗಳನ್ನು ಪುನಃ ನಡೆಸಿ, ಜನಸಂಚಾರವಿಲ್ಲದ ಸ್ಥಳದಲ್ಲಿ ಕಡಿಮೆ ವೇಗದಲ್ಲಿ ವಾಹನವನ್ನು ನಿಲ್ಲಿಸಿ ನೋಡಿದ ಬಳಿಕವೇ ರಸ್ತೆಗೆ ತರಬೇಕು.

## ಚಾಲನೆಯಲ್ಲಿರುವಾಗ ಬಿಗಿತ ಉಂಟಾದರೆ

ಪೆಡಲು ಏಕಾಏಕಿ ಬಿಗಿಯಾದಾಗ ಬ್ರೇಕ್ ಸಂಪೂರ್ಣ ಹೋಯಿತೆಂದು ಚಾಲಕರು ಭಾವಿಸುವ ಸಾಧ್ಯತೆ ಹೆಚ್ಚು. ವಾಸ್ತವದಲ್ಲಿ ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ಇರುವ ಯಾಂತ್ರಿಕ ಸಂಪರ್ಕ ಹಾಗೆಯೇ ಇರುತ್ತದೆ. ಬಲವಾಗಿ, ಅಗತ್ಯಬಿದ್ದರೆ ಎರಡೂ ಕಾಲುಗಳಿಂದ ಪೆಡಲನ್ನು ಒತ್ತಿ ಹಿಡಿದರೆ ವಾಹನ ನಿಲ್ಲುತ್ತದೆ. ಆದರೆ ಹೆಚ್ಚು ದೂರ ಬೇಕಾಗುತ್ತದೆ. ಪೆಡಲನ್ನು ಬಿಟ್ಟುಬಿಟ್ಟು ಒತ್ತಬಾರದು. ಮೆತ್ತಗಾದ ಪೆಡಲಿಗೆ ಆ ಕ್ರಮ ನೆರವಾಗಬಹುದು. ಬಿಗಿಯಾದ ಪೆಡಲಿನಲ್ಲಿ ಪ್ರತಿ ಒತ್ತೂ ಸಂಗ್ರಹದಲ್ಲಿ ಉಳಿದ ನಿರ್ವಾತವನ್ನು ವ್ಯರ್ಥಮಾಡುತ್ತದೆ. ಜೊತೆಗೆ ಕೆಳಗಿನ ಗೇರುಗಳಿಗೆ ಇಳಿಸಿ ಇಂಜಿನ್‌ನ ತಡೆಯನ್ನು ಬಳಸಿಕೊಳ್ಳಬೇಕು. ಪಾರ್ಕಿಂಗ್ ಬ್ರೇಕನ್ನು ಹಂತಹಂತವಾಗಿ ಹಾಕಬೇಕು. ವಾಹನ ನಿಲ್ಲುವವರೆಗೆ ಕೀಲಿಕೈಯನ್ನು ಹೊರತೆಗೆಯಬಾರದು. ತೆಗೆದರೆ ಸ್ಟೀರಿಂಗ್ ಬೀಗ ಬೀಳಬಹುದು.

ಇಂಧನ ಉಳಿಸುವ ಉದ್ದೇಶದಿಂದ ಇಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಇಳಿಜಾರು ಇಳಿಯುವ ರೂಢಿ ಈ ದೋಷವನ್ನು ಕೈಯಾರೆ ತಂದುಕೊಂಡಂತೆ. ಇಂಜಿನ್ ನಿಂತೊಡನೆ ನಿರ್ವಾತದ ಪೂರೈಕೆ ನಿಲ್ಲುತ್ತದೆ. ಎರಡು ಮೂರು ಬ್ರೇಕುಗಳ ನಂತರ ಪೆಡಲು ಬಿಗಿಯಾಗುತ್ತದೆ. ಇಂಜಿನ್‌ನ ತಡೆಯೂ ಇರುವುದಿಲ್ಲ. ಚಾರ್ಮಾಡಿ, ಆಗುಂಬೆಗಳಂತಹ ಪಶ್ಚಿಮ ಘಟ್ಟದ ಮಾರ್ಗಗಳಲ್ಲಿ ತಿರುವುಗಳು ಒಂದರ ಹಿಂದೊಂದು ಬರುವುದರಿಂದ, ಸರಕು ತುಂಬಿದ ಪಿಕಪ್ಪಿನಲ್ಲಿ ಈ ಸಂಗ್ರಹವು ಘಟ್ಟದ ಮೊದಲ ಕೆಲವು ತಿರುವುಗಳಲ್ಲಿಯೇ ಮುಗಿದುಹೋಗಬಹುದು.

## ಮಾನದಂಡಗಳು ಮತ್ತು ಮರಳಿ ಕರೆ

ಬೂಸ್ಟರ್ ವಿಫಲವಾಗುವ ಸಾಧ್ಯತೆಯನ್ನು ಸುರಕ್ಷತಾ ನಿಯಮಗಳೂ ಗಣನೆಗೆ ತೆಗೆದುಕೊಂಡಿವೆ. ಒಟ್ಟು ತೂಕ 3,500 ಕಿಲೋಗ್ರಾಂ ಮೀರದ ಹಗುರ ವಾಹನಗಳಿಗೆ ಅನ್ವಯಿಸುವ ಅಮೆರಿಕದ ಫೆಡರಲ್ ಮೋಟಾರು ವಾಹನ ಸುರಕ್ಷತಾ ಮಾನದಂಡ 135ರ ಪ್ರಕಾರ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ವಾಹನವು ಬ್ರೇಕುಗಳು ಸುಸ್ಥಿತಿಯಲ್ಲಿರುವಾಗ 70 ಮೀಟರ್ ಒಳಗೆ ನಿಲ್ಲಬೇಕು. ಸಹಾಯ ಸಾಧನ ಕೆಲಸ ಮಾಡದಿದ್ದಾಗ 168 ಮೀಟರ್ ಒಳಗೆ ನಿಂತರೆ ಸಾಕು. ಎರಡೂ ಪರೀಕ್ಷೆಗಳಲ್ಲಿ ಪೆಡಲಿನ ಮೇಲೆ ಹಾಕಬಹುದಾದ ಗರಿಷ್ಠ ಬಲ 500 ನ್ಯೂಟನ್, ಅಂದರೆ ಸುಮಾರು 51 ಕಿಲೋಗ್ರಾಂ ತೂಕದಷ್ಟು. ನಿಯಮಕ್ಕೆ ಬದ್ಧವಾದ ವಾಹನವೂ ಬೂಸ್ಟರ್ ಇಲ್ಲದೆ ನಿಲ್ಲಲು ಸುಮಾರು 100 ಮೀಟರ್ ಹೆಚ್ಚು ದೂರ ತೆಗೆದುಕೊಳ್ಳಬಹುದೆಂದು ಇದರಿಂದ ತಿಳಿಯುತ್ತದೆ.

2019ರ ಸೆಪ್ಟೆಂಬರ್‌ನಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಅಮೆರಿಕದಲ್ಲಿ ಮಾರಾಟವಾಗಿದ್ದ ಸುಮಾರು 34.6 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳನ್ನು ದುರಸ್ತಿಗಾಗಿ ಮರಳಿ ಕರೆಸಿಕೊಂಡಿತು. 2014ರಿಂದ 2018ರವರೆಗಿನ ಮಾದರಿ ವರ್ಷಗಳ ಷೆವರ್ಲೆ ಸಿಲ್ವೆರಾಡೊ ಮತ್ತು ಜಿಎಂಸಿ ಸಿಯೆರಾ ಪಿಕಪ್‌ಗಳು ಇದರಲ್ಲಿ ಸೇರಿದ್ದವು. ಈ ವಾಹನಗಳ ನಿರ್ವಾತ ಪಂಪು ಕಾಲಕ್ರಮೇಣ ದುರ್ಬಲವಾಗಿ, ಪೆಡಲಿಗೆ ಹೆಚ್ಚು ಬಲ ಬೇಕಾಗುತ್ತಿತ್ತು ಮತ್ತು ನಿಲ್ಲುವ ದೂರ ಹೆಚ್ಚುತ್ತಿತ್ತು. ಪಂಪು ಬದಲಾಯಿಸುವುದರ ಬದಲಿಗೆ, ನಿರ್ವಾತ ಕಡಿಮೆಯಾದಾಗ ವಾಹನದಲ್ಲಿರುವ ಎಬಿಎಸ್ ವ್ಯವಸ್ಥೆಯ ದ್ರವದ ಪಂಪು ನೆರವಿಗೆ ಬರುವಂತೆ ಬ್ರೇಕ್ ನಿಯಂತ್ರಕದ ತಂತ್ರಾಂಶವನ್ನು ಪರಿಷ್ಕರಿಸಲಾಯಿತು. ಇಂತಹ ದುರಸ್ತಿಯನ್ನು ಮಾಲೀಕರಿಗೆ ಉಚಿತವಾಗಿ ಮಾಡಿಕೊಡಲಾಗುತ್ತದೆ. ಆದ್ದರಿಂದ ಬಿಗಿತ ಕಂಡುಬಂದ ವಾಹನದ ಚಾಸಿಸ್ ಸಂಖ್ಯೆಯು ಯಾವುದಾದರೂ ಮರಳಿ ಕರೆಯ ವ್ಯಾಪ್ತಿಯಲ್ಲಿದೆಯೇ ಎಂದು ಮೊದಲು ಪರಿಶೀಲಿಸುವುದು ಉಪಯುಕ್ತ.

## ತಡೆಗಟ್ಟುವಿಕೆ

ಬಿಗಿತವು ಅನೇಕ ವೇಳೆ ನಿಧಾನವಾಗಿ ಬೆಳೆಯುತ್ತದೆ. ದಿನವೂ ಅದೇ ವಾಹನ ಓಡಿಸುವ ಚಾಲಕನ ಕಾಲು ಹೆಚ್ಚುತ್ತಿರುವ ಬಲಕ್ಕೆ ಅರಿವಿಲ್ಲದೆ ಒಗ್ಗಿಕೊಳ್ಳುವುದರಿಂದ, ತುರ್ತಾಗಿ ನಿಲ್ಲಿಸಬೇಕಾದ ಸಂದರ್ಭದವರೆಗೂ ದೋಷ ಗಮನಕ್ಕೆ ಬಾರದಿರಬಹುದು. ಬೇರೆ ಚಾಲಕರು ಪೆಡಲು ಬಿಗಿಯಾಗಿದೆ ಎಂದು ಹೇಳಿದರೆ ಅದನ್ನು ಕಡೆಗಣಿಸಬಾರದು.

ಪ್ರತಿ ಸರ್ವಿಸ್ ವೇಳೆ ನಿರ್ವಾತದ ಕೊಳವೆ, ಬೆಲ್ಟ್ ಮತ್ತು ಬ್ರೇಕ್ ದ್ರವದ ಮಟ್ಟವನ್ನು ನೋಡುವುದು, ಪಂಪಿಗೆ ಎಣ್ಣೆ ಒದಗಿಸುವ ಇಂಜಿನ್ ಆಯಿಲನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವುದು, ತೇವಾಂಶ ಹೀರಿಕೊಳ್ಳುವ ಗುಣವುಳ್ಳ ಡಾಟ್ 3 ಮತ್ತು ಡಾಟ್ 4 ದ್ರವಗಳನ್ನು ತಯಾರಕರು ಹೇಳಿದ ಅವಧಿಯಲ್ಲಿ ಬದಲಾಯಿಸುವುದು ಮುಖ್ಯ ಮುಂಜಾಗ್ರತೆಗಳು. ಸಹಾಯದ ಪರೀಕ್ಷೆಗೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ. ಸರಕು ತುಂಬಿ ದೂರ ಪ್ರಯಾಣ ಹೊರಡುವ ಮುನ್ನ, ಇಂಜಿನ್ ಚಾಲೂ ಮಾಡುವಾಗಲೇ ಅದನ್ನು ನಡೆಸಬಹುದು.